ಕರೆಂಟಿಗೆ ಅಡವಿಟ್ಟ ಕೊಡೆ

ಸೀಲು ಹಾಕಿದ ಪ್ರಶ್ನೆಪತ್ರಿಕೆಗಳ ಕಟ್ಟು ಜೊತೆಗಿದ್ದರೆ ಎದುರು ಬಂದವರೆಲ್ಲ ಕಳ್ಳರ ಹಾಗೆಯೇ ಕಾಣುತ್ತಾರೆ. ಅಂಥ ಬೆಳಗ್ಗೆಯೇ ಬಂದರಿನಲ್ಲಿ ನನ್ನ ಕಾರಿನ ಬ್ಯಾಟರಿ ಸತ್ತಿತು.

ಮೀನಿನ ಲಾರಿಯ ಡ್ರೈವರೊಬ್ಬ ತಾನಾಗಿಯೇ ಬಂದ. "ನನ್ನ ಬ್ಯಾಟರಿಯಿಂದ ಕರೆಂಟು ಕೊಡ್ತೇನೆ ಬಾಯಮ್ಮ. ನಿಮ್ಮದೂ ಹನ್ನೆರಡು ವೋಲ್ಟೇ ಅಲ್ವಾ?"

"ಹೌದು. ಹತ್ತಕ್ಕೆ ಕಂಕನಾಡಿಯ ಶಾಲೆಯಲ್ಲಿ ಪರೀಕ್ಷೆ ಉಂಟು," ಎಂದೆ, ಕಟ್ಟನ್ನು ಅಪ್ಪಿಕೊಂಡೇ.

ಪ್ಲಸ್ಸಿಗೆ ಪ್ಲಸ್ ಸೇರಿಸಿದ. ಆದರೆ ತನ್ನ ಮೈನಸ್ಸಿನ ವಯರನ್ನು ನನ್ನ ಬ್ಯಾಟರಿ ಬಿಟ್ಟು ಎಂಜಿನ್ನಿನ ಕಬ್ಬಿಣಕ್ಕೆ ಕೊಡಲು ಹೊರಟ.

ನಾನು ವಿಜ್ಞಾನ ಓದಿದವಳು. "ಅಲ್ಲಿಗೆ ಎಂತಕ್ಕೆ?" ಎಂದು ಗದರಿದೆ.

"ಬ್ಯಾಟರಿಯಲ್ಲಿ ಗ್ಯಾಸ್ ಉಂಟು. ಹತ್ತಿರ ಕಿಡಿ ಹಾರಿದ್ರೆ ಆಸಿಡ್ ನಿಮ್ಮ ಮುಖಕ್ಕೇ. ಪುಸ್ತಕದಲ್ಲಿ ಇಲ್ವಾ?"

ಇರಲಿಲ್ಲ.

ಅವನು ವಯರು ಕೈಯಲ್ಲೇ ಹಿಡಿದು ನಿಂತ. "ಆ ಕಟ್ಟು ನನ್ನ ಲಾರಿಯಲ್ಲಿರಲಿ. ಮೊನ್ನೆ ಒಬ್ಬರು ಎಂಜಿನ್ ಶುರುವಾದದ್ದೇ ನನ್ನ ವಯರಿನ ಸಮೇತ ಓಡಿದ್ರು."

ಕಟ್ಟಿನ ಬದಲು ಕೊಡೆ ಕೊಟ್ಟೆ. ಎಂಜಿನ್ ಗುಡುಗಿತು. ಅವನು ವಯರು ಬಿಚ್ಚಿ, "ದಾರಿಯಲ್ಲಿ ನಿಲ್ಲಿಸ್ಬೇಡಿ" ಎಂದದ್ದೇ ತಡ, ಹೊರಟುಬಿಟ್ಟೆ.

ಪರೀಕ್ಷೆ ಹತ್ತಕ್ಕೇ ಶುರುವಾಯಿತು. ಮರೆತುಬಂದ ಕೊಡೆ ಮೂರನೆಯ ದಿನ ಶಾಲೆಯ ಗೇಟಿನಲ್ಲಿ ನೇತಾಡುತ್ತಿತ್ತು, ಬಂಗುಡೆ ಮೀನಿನ ವಾಸನೆಯ ಸಮೇತ. ಆದರೂ ಕಡ್ಡಿಗಳನ್ನು ಎಣಿಸಿಯೇ ಒಳಗಿಟ್ಟೆ.