ನವಿಲಾದ ಚಕ್ಕೆಗಳು

ರಾಮದುರ್ಗದ ಕಡೆ ಹೊಳೆದಂಡೆಯಲ್ಲಿ ಅಗೆದಾಗ ಸಿಕ್ಕ ಒಂದು ಕಲ್ಲುಗುಂಡಿನ ಹಿಂದೆ ನನ್ನ ಇಡೀ ಬೇಸಿಗೆ ಹೋಗಿತ್ತು. ಸಾವಿರಾರು ವರ್ಷಗಳ ಹಿಂದೆ ಯಾರೋ ಅಲ್ಲಿ ಕೂತು ಅದನ್ನು ಒಡೆದು ಅಲಗು ಮಾಡಿಕೊಂಡಿದ್ದರು. ಸಿಡಿದ ಚಕ್ಕೆಗಳು ಅಲ್ಲೇ ಮಣ್ಣಿನಲ್ಲಿ ಉಳಿದಿದ್ದವು. ಒಂದೊಂದನ್ನೂ ಅದು ಎದ್ದು ಬಂದ ಜಾಗಕ್ಕೇ ಕೂಡಿಸಿ ನೋಡುವುದು ನನ್ನ ಕೆಲಸ. ಸರಿಯಾದದ್ದು ಕೂತರೆ ಬಿರುಕು ಬೆರಳಿಗೂ ತಿಳಿಯುವುದಿಲ್ಲ.

ಬೈಲಹೊಂಗಲದಲ್ಲಿ ತೆರೆಯಲಿದ್ದ ಎರಡು ಕೋಣೆಯ ಸಂಗ್ರಹಾಲಯದಲ್ಲಿ ನನಗೊಂದು ಗಾಜಿನ ಪೆಟ್ಟಿಗೆ ಕೊಟ್ಟಿದ್ದರು. ನಡುವೆ ಗುಂಡು, ಸುತ್ತ ಚಕ್ಕೆಗಳನ್ನು ಅವು ಸಿಡಿದ ಕ್ರಮದಲ್ಲೇ ಇಟ್ಟೆ. ಇಲ್ಲಿ ಒಬ್ಬ ಮನುಷ್ಯ ಕೂತಿದ್ದ ಎಂದು ನೋಡಿದವರಿಗೆ ಅನಿಸಬೇಕು; ನನಗೆ ಬೇಕಾದದ್ದು ಅಷ್ಟೇ. ಉದ್ಘಾಟನೆಯ ಹಿಂದಿನ ದಿನ, ಅಗೆದ ಜಾಗದ ಫೋಟೊ ದೊಡ್ಡದು ಮಾಡಿಸಲು ಸವದತ್ತಿಗೆ ಹೋದೆ.

ಸಂಜೆ ಬಂದಾಗ ಪೆಟ್ಟಿಗೆಯಲ್ಲಿ ನವಿಲಿತ್ತು. ನೀಲಿ ಬಳಿದ ಥರ್ಮಾಕೋಲಿನ ಮೇಲೆ ಗರಿಗಳಂತೆ ಅಂಟಿಸಿದ ನನ್ನ ಚಕ್ಕೆಗಳು. ಗುಂಡು ಪೆಟ್ಟಿಗೆಯ ಹೊರಗೆ, ಬಾಗಿಲ ಪರದೆ ಗಾಳಿಗೆ ಹಾರದಂತೆ ಅದರ ಅಂಚಿನ ಮೇಲೆ ಕೂತಿತ್ತು. ಗಣಪತಿ ಮಂಟಪ ಮಾಡುವ ಡೆಕೋರೇಶನ್ ಚಾಚಾ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಹೆಂಗೈತ್ರಿ ಬಾಯಾರ? ಸುಮ್ನ ಅಡ್ಡ ಬಿದ್ದಿದ್ದುವು. ಎಬ್ಬಿಸಿ ಕುಣಿಯಾಕ ಹಚ್ಚೇನಿ."

"ಯಾರ ಹೇಳಿದ್ರು ನಿಮಗ?"

"ಸಾಹೇಬ್ರು. ಪೆಟಿಗಿ ಬೋಳ ಕಾಣತೈತಿ, ಏನರ ಮಾಡಪಾ ಅಂದ್ರು."

ಸಾಹೇಬರೆಂದರೆ ನನ್ನ ಮೇಲಧಿಕಾರಿ. ಒಳಗೆ ಚಹಾ ಕುಡಿಯುತ್ತಿದ್ದರು. ಎಲ್ಲ ಬಿಡಿಸಿ ಮೊದಲಿನಂತೆ ಇಡುತ್ತೇನೆ ಎಂದೆ.

"ಬ್ಯಾಡ್ರಿ ಮೇಡಮ್ಮಾರ. ಕಲ್ಲ ನೋಡಾಕ ಯಾರ ಬರತಾರ? ನಮ್ಮ ಹೊಲದಾಗ ಬೇಕಾದಷ್ಟ ಅದಾವ."

"ಇವು ಬರೇ ಕಲ್ಲ ಅಲ್ಲರಿ ಸರ್."

"ಹೌದ್ರಿ, ಈಗ ನವಿಲ ಆಗ್ಯಾವಲ್ಲ!" ಎಂದು ಕಪ್ಪಿನ ಚಹಾ ಬಸಿಗೆ ಸುರುವಿಕೊಂಡರು.

ಜಗಳ ನನಗೆ ಬಾರದು. ಸವದತ್ತಿಯಿಂದ ತಂದ ಫೋಟೊ ಸುರುಳಿಯನ್ನು ಬಿಚ್ಚದೆ ಗೋಡೆಗೆ ಒರಗಿಸಿ ಹೊರಗೆ ಬಂದೆ.

ಮರುದಿನ ಮುಖ್ಯ ಅತಿಥಿಗಳು ನವಿಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಜನ ನಿಂತು ನೋಡಿದ್ದೂ ಅದನ್ನೇ. ಸಂಪಗಾಂವದಿಂದ ಬಂದ ಹೆಣ್ಣುಮಗಳೊಬ್ಬಳು, "ಅಕ್ಕಾರ, ಈ ಹರಳ ಯಾವ ಅಂಗಡ್ಯಾಗ ಸಿಗತಾವ್ರಿ?" ಎಂದಳು.

ಗದ್ದಲ ಕರಗಿದ ಮೇಲೆ ಗಾಜು ತೆರೆದು ಬಾಲದಿಂದ ಒಂದು ಚಕ್ಕೆ ಕಿತ್ತೆ. ಗುಂಡಿನ ಮೇಲೆ ಅದರ ಜಾಗ ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಕೂಡಲಿಲ್ಲ. ಅಂಚಿಗೆ ಅಂಟು ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದೆ, ಬಿಸಿನೀರಿನಲ್ಲಿಟ್ಟೆ. ಆದರೂ ಕೂಡಿಸಿ ಹಿಡಿದರೆ ನಡುವೆ ಬೆಳಕು ಕಾಣುತ್ತಿತ್ತು. ಮತ್ತೆ ನವಿಲಿಗೆ ಅಂಟಿಸಲು ಮನಸ್ಸಾಗದೆ, ಗುಂಡಿನ ಜೊತೆ ಅದನ್ನು ಕಪಾಟಿನಲ್ಲಿಟ್ಟೆ.

ಬೆಳಿಗ್ಗೆ ಬಂದು ನೋಡಿದರೆ ನವಿಲಿನ ಬಾಲ ಮತ್ತೆ ತುಂಬಿತ್ತು. ಆ ಜಾಗದಲ್ಲಿ ರಸ್ತೆಗೆ ಹಾಕುವ ಖಡಿಯ ಒಂದು ಚೂರು ಅಂಟಿಸಿದ್ದರು. ನಾನು ಅಲ್ಲಿದ್ದಷ್ಟು ದಿನ ಅದರ ಬಗ್ಗೆ ಯಾರೂ ಕೇಳಲಿಲ್ಲ.