ಡಾಟ್ ಕಾಮಿಗೆ ತಾರಸಿಯ ರೇಟು

ಆ ಇಮೇಲ್ ಬಂದಾಗ ನಾನು ಪಣಂಬೂರಿನ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ನಿಮ್ಮ ಹೆಸರಿನಲ್ಲಿರುವ ಡೊಮೇನ್ ಮಾರಾಟಕ್ಕಿದೆಯೇ, ನಮ್ಮ ಗ್ರಾಹಕರೊಬ್ಬರಿಗೆ ಆಸಕ್ತಿಯಿದೆ, ದಯವಿಟ್ಟು ಬೆಲೆ ತಿಳಿಸಿ ಎಂದು ಯಾರೋ ಏಜೆಂಟ್ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಬರೆದಿದ್ದ. ಮರ್ಯಾದೆಯ ಪತ್ರಗಳ ಮೇಲೆ ನನಗೆ ಯಾವಾಗಲೂ ಸಂಶಯ. ಒತ್ತುವ ಲಿಂಕ್ ಉಂಟಾ ನೋಡಿದೆ, ಇರಲಿಲ್ಲ. ಒಟಿಪಿ ಕೇಳಿದ್ದಾನಾ ನೋಡಿದೆ, ಕೇಳಿರಲಿಲ್ಲ. ಮೋಸ ಅಲ್ಲ ಅಂತ ಖಾತ್ರಿಯಾದ ಮೇಲೆ ನಿಜವಾದ ಹೆದರಿಕೆ ಶುರುವಾಯಿತು.

ಡೊಮೇನ್ ಅಂದರೆ ಮತ್ತೇನಲ್ಲ, ಇಂಟರ್ನೆಟ್ಟಿನಲ್ಲಿ ಅಂಗಡಿ ಇಡುವವರು ಮೊದಲೇ ಹಿಡಿದಿಟ್ಟುಕೊಳ್ಳುವ ವಿಳಾಸ. ಕೆಲವು ವರ್ಷಗಳ ಹಿಂದೆ ಗಲ್ಫಿನಲ್ಲಿರುವ ನಮ್ಮ ಕಡೆಯವರಿಗೆ ಹಲಸಿನ ಹಪ್ಪಳ ಕಳಿಸುವ ವ್ಯಾಪಾರ ಮಾಡ್ತೇನೆ ಅಂತ ನಾನೊಂದು ಹಿಡಿದಿದ್ದೆ. ಊರಿನ ಹೆಸರು, ಅದಕ್ಕೆ ಅಂಟಿಕೊಂಡು ತಿಂಡಿಯ ಹೆಸರು, ಕೊನೆಗೆ ಡಾಟ್ ಕಾಮ್. ಹಪ್ಪಳ ದಾರಿಯಲ್ಲಿ ಪುಡಿಯಾದರೆ ಎಂತ ಮಾಡುವುದು ಎಂಬ ಪ್ರಶ್ನೆ ಆಮೇಲೆ ಹೊಳೆಯಿತು. ಅದಕ್ಕೆ ಉತ್ತರ ಹುಡುಕುತ್ತ ಹುಡುಕುತ್ತ ನನಗೆ ಐವತ್ತು ದಾಟಿತು. ವಿಳಾಸಕ್ಕೆ ಮಾತ್ರ ಪ್ರತಿ ವರ್ಷ ದುಡ್ಡು ಕಟ್ಟುತ್ತಲೇ ಇದ್ದೆ. "ನಿಮ್ಮ ಖಾಲಿ ಸೈಟಿಗೆ ಕಂದಾಯ ಕಟ್ಟಿ ಆಯ್ತಾ?" ಎಂದು ಹೆಂಡತಿ ಕೇಳುವುದು ನಮ್ಮ ಮನೆಯ ವಾರ್ಷಿಕ ಕಾರ್ಯಕ್ರಮ.

ಈಗ ಬೆಲೆ ಹೇಳಬೇಕಲ್ಲ. ಇಂಥ ಹೆಸರುಗಳಿಗೆ ಪುಕ್ಕಟೆ ಬೆಲೆ ಕಟ್ಟುವ ಜಾಲತಾಣಗಳು ಉಂಟು. ಒಂದು ಹೇಳಿದ ಮೊತ್ತದಲ್ಲಿ ಕದ್ರಿ ಗುಡ್ಡೆಯಲ್ಲಿ ಫ್ಲಾಟ್ ತೆಗೆದುಕೊಳ್ಳಬಹುದಿತ್ತು. ಇನ್ನೊಂದು, ಈ ಹೆಸರಿಗೆ ಬೆಲೆಯೇ ಇಲ್ಲ ಎಂದಿತು. ನಾನು ಎರಡನ್ನೂ ನಂಬಿದೆ. ಹೆಚ್ಚು ಕೇಳಿದರೆ ಗಿರಾಕಿ ಓಡಿಹೋದಾನು. ಕಡಿಮೆ ಕೇಳಿದರೆ ಆ ಏಜೆಂಟ್ ಎಲ್ಲೋ ಕೂತು ನನ್ನನ್ನು ನೋಡಿ ನಗಾಡಿಯಾನು. ಎರಡು ದಿವಸ ಉತ್ತರ ಬರೆಯುವುದು, ಅಳಿಸುವುದು.

ಕೊನೆಗೆ ಬೆಲೆ ಸಿಕ್ಕಿದ್ದು ನಮ್ಮ ಊಟದ ಮೇಜಿನ ಮೇಲೆ. ಸುರತ್ಕಲ್ಲಿನ ನಮ್ಮ ಮನೆಯ ತಾರಸಿ ಚಾವಡಿಯೊಳಗೆ ಸೋರುತ್ತದೆ. ಈ ಮಳೆಗಾಲಕ್ಕೆ ಮೊದಲು ಮೇಲೆ ಶೀಟ್ ಹಾಕಿಸದಿದ್ದರೆ ತಾನು ತಂಗಿಯ ಮನೆಗೆ ಹೋಗಿ ಕೂರ್ತೇನೆ ಎಂದು ಹೆಂಡತಿ ಹೇಳಿಯಾಗಿತ್ತು. ಶೀಟಿನವನು ಕೊಟ್ಟ ಅಂದಾಜು ಮೊತ್ತ ಒಂದು ಲಕ್ಷ ನಲವತ್ತು ಸಾವಿರ. ನಾನು ಅದನ್ನೇ ಏಜೆಂಟಿಗೆ ಬರೆದುಬಿಟ್ಟೆ. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. 'ಮಾರುಕಟ್ಟೆಯನ್ನು ಆಳವಾಗಿ ಅಧ್ಯಯನ ಮಾಡಿ' ಎಂದೂ ಸೇರಿಸಿದೆ.

ಉತ್ತರ ಬಂತು: ಹದಿನೈದು ಸಾವಿರ.

"ಅದರಲ್ಲಿ ಎಷ್ಟು ಶೀಟ್ ಬರ್ತದೆ?" ಹೆಂಡತಿ ಕೇಳಿದಳು.

"ನೀರಿನ ಟ್ಯಾಂಕ್ ಮುಚ್ಚಬಹುದು."

"ಟ್ಯಾಂಕ್ ಒದ್ದೆಯಾಗ್ತದೆ ಅಂತ ನಾನು ಯಾವಾಗ ಹೇಳಿದೆ ಮಾರಾಯ್ರೆ?"

ನಾನು ಒಂದು ಲಕ್ಷಕ್ಕೆ ಇಳಿದೆ. ಅಂದರೆ, ಮನಸ್ಸಿನಲ್ಲೇ ಅಡುಗೆಮನೆಯ ಮೇಲಿನ ಶೀಟ್ ಕಿತ್ತು ಹಾಕಿದೆ. ಆ ಕಡೆಯಿಂದ ಸದ್ದಿಲ್ಲ. ನಿಮಿಷಕ್ಕೊಮ್ಮೆ ಫೋನ್ ತೆಗೆದು ನೋಡುವುದು, ನೆಟ್‌ವರ್ಕ್ ಇಲ್ಲವೇನೋ ಅಂತ ಕಿಟಕಿಗೆ ಹೋಗುವುದು. ಆಫೀಸಿನಲ್ಲಿ ಬಂದರಿಗೆ ಹೋಗುವ ಲಾರಿಗಳ ಕಾಗದಕ್ಕೆ ಸಹಿ ಹಾಕುವಲ್ಲಿ ತಾರೀಕು ಬರೆದೆ, ತಾರೀಕಿನ ಜಾಗದಲ್ಲಿ ಸಹಿ ಹಾಕಿದೆ.

ಆ ವಾರ ಹೆಂಡತಿಯ ಹಲ್ಲು ತೋರಿಸಲಿಕ್ಕೆ ಕದ್ರಿಗೆ ಹೋಗಿದ್ದೆವು. ವಾಪಸು ಬರುವಾಗ ಅವಳು ಸ್ಕೂಟರಿನ ಹಿಂದಿನಿಂದ ನನ್ನ ಭುಜ ಹಿಡಿದು ಎಳೆದಳು. ಬಾಯಿಯ ಒಂದು ಬದಿ ಇನ್ನೂ ಮರಗಟ್ಟಿದ್ದರಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ, ಬೆರಳು ತೋರಿಸಿದಳು. ಒಂದು ಹೊಸ ಅಂಗಡಿ. ಒಳಗೆ ಬಡಗಿ ಕೆಲಸ ನಡೆಯುತ್ತಿತ್ತು. ಹೊರಗೆ ದೊಡ್ಡ ಬೋರ್ಡಿನಲ್ಲಿ ನನ್ನ ಡೊಮೇನ್, ಡಾಟ್ ಕಾಮ್ ಸಮೇತ, ಹಳದಿ ಅಕ್ಷರಗಳಲ್ಲಿ.

ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಅವಳು ಇಳಿದು ಒಳಗೆ ಹೋಗಿಯಾಗಿತ್ತು.

ಅಂಗಡಿಯ ಯಜಮಾನಿ ನಮ್ಮದೇ ಪ್ರಾಯದವರು. ಕುವೈತಿನಲ್ಲಿ ತುಂಬ ವರ್ಷ ನರ್ಸ್ ಆಗಿದ್ದು ಈಗ ಊರಿಗೇ ಬಂದದ್ದಂತೆ. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಬಡಗಿಯ ಹತ್ತಿರ ಹಿಂದಿ. ಅಂಗಡಿ ತೆರೆಯಲಿಕ್ಕೆ ಇನ್ನೂ ಎರಡು ವಾರ ಉಂಟು, ರುಚಿ ನೋಡಿ ಎಂದು ಹಪ್ಪಳ ಕರಿದದ್ದು ಕೊಟ್ಟರು. ಹೆಂಡತಿ ಮರಗಟ್ಟದ ಬದಿಯಲ್ಲಿ ಅಗಿಯುತ್ತ, ಹೆಸರು ಭಾರೀ ಲಾಯ್ಕುಂಟು ಎಂದಳು.

"ಹೆಸರಿನ ಸುದ್ದಿ ಬೇಡ!" ಅವರು ತಲೆಗೆ ಕೈ ಹಚ್ಚಿದರು. "ಬೋರ್ಡ್ ಆಯ್ತು, ಕವರುಗಳೆಲ್ಲ ಪ್ರಿಂಟ್ ಆಯ್ತು. ಕೊನೆಗೆ ನೋಡಿದರೆ ಆ ಹೆಸರನ್ನು ಯಾರೋ ಬೊಂಬಾಯಿಯವ ಹಿಡಿದು ಕೂತಿದ್ದಾನೆ. ಮೊದಲು ಒಂದು ಲಕ್ಷ ನಲವತ್ತು ಕೇಳಿದ, ಈಗ ಲಕ್ಷಕ್ಕೆ ಇಳಿದಿದ್ದಾನೆ. ದೊಡ್ಡ ಕುಳ ಇರಬೇಕು. ಇಂಥದ್ದೇ ಸಾವಿರ ಹೆಸರು ಇಟ್ಟುಕೊಂಡಿರ್ತಾರಂತೆ."

ನಾನು ಇನ್ನೊಂದು ಹಪ್ಪಳ ಬಾಯಿಗೆ ತುರುಕಿದೆ.

"ನೀವೆಷ್ಟು ಕೊಡ್ತೀರಿ?" ಹೆಂಡತಿ ಕೇಳಿದಳು. ಅಳುಕಿಲ್ಲ, ಎಂತದ್ದೂ ಇಲ್ಲ.

"ಐವತ್ತು ಸಾವಿರದ ತನಕ ಹೋಗು ಅಂತ ಏಜೆಂಟಿಗೆ ಹೇಳಿದ್ದೇನೆ. ಬೇರೆ ದಾರಿ ಇಲ್ಲ. ಕವರ್ ಬಿಸಾಡ್ಲಿಕ್ಕೆ ಆಗ್ತದಾ?"

ಹೊರಗೆ ಬಂದ ಮೇಲೆ ಹೆಂಡತಿ, "ಐವತ್ತು ಅಂತ ಬರೆಯಿರಿ, ಈಗಲೇ," ಎಂದಳು. ನಾನು ಆಗುವುದಿಲ್ಲ ಎಂದೆ. ಎದುರಿನವರ ಇಸ್ಪೀಟ್ ಎಲೆ ನೋಡಿ ಆಡಿದ ಹಾಗೆ ಆಗ್ತದೆ.

"ನೋಡಿದ್ದು ನಾನು. ಆಡುವುದು ನೀವು."

ಒಳ್ಳೆಯತನಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಸಿಕ್ಕಿಬೀಳುವ ಚಿಂತೆ. ಈ ಊರಿನಲ್ಲಿ ಅವರಿಗೆ ನಾನು ಯಾರೆಂದು ಗೊತ್ತಾಗಲಿಕ್ಕೆ ವಾರ ಬೇಡ. ಗೊತ್ತಾದ ಮೇಲೆ ಕದ್ರಿಯ ರಸ್ತೆಯಲ್ಲಿ ಹೆಲ್ಮೆಟ್ ತೆಗೆದು ತಿರುಗಾಡುವುದು ಹೇಗೆ? ಮರುದಿನ ಅರ್ಧ ರಜೆ ಹಾಕಿ ಒಬ್ಬನೇ ಹೋದೆ. ಆ ರಸ್ತೆಯಲ್ಲಿ ಎರಡು ಸುತ್ತು ಹಾಕಿ ಆಮೇಲೆ ನಿಲ್ಲಿಸಿದೆ.

"ಆ ಬೊಂಬಾಯಿಯವ ನಾನೇ," ಎಂದೆ.

"ಯಾವ ಬೊಂಬಾಯಿ?"

"ಬೊಂಬಾಯಿ ಅಲ್ಲ. ಸುರತ್ಕಲ್."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವಾ? ನಿನ್ನೆ ನನ್ನ ಹಪ್ಪಳ ತಿಂದು ಹೋದಿರಲ್ಲ!" ಬೈಗುಳ ಬರುತ್ತದೆ ಎಂದು ಕಾದೆ. ಬಂದದ್ದು ಬೆಲೆ. "ಇಪ್ಪತ್ತು."

"ನಿನ್ನೆ ಐವತ್ತು ಅಂದಿರಿ."

"ಅದು ಬೊಂಬಾಯಿಯವನಿಗೆ. ನೀವು ಊರಿನವರಲ್ಲವಾ? ಮೊದಲು ಒಂದು ನಲವತ್ತು ಎಲ್ಲಿಂದ ಬಂತು ಹೇಳಿ, ಮತ್ತೆ ಮಾತಾಡುವ."

ಹೇಳಿದೆ. ತಾರಸಿ, ಶೀಟ್, ತಂಗಿಯ ಮನೆ, ಎಲ್ಲ. ಅವರು ನಗಲಿಕ್ಕೆ ಶುರುಮಾಡಿ, ಕಾರ್ಟನ್ ಡಬ್ಬದ ಮೇಲೆ ಕೂತರು. "ನನ್ನ ದುಡ್ಡಿನಲ್ಲಿ ನಿಮ್ಮ ಮನೆಗೆ ತಗಡಿನ ಮಾಡು ಹಾಕಿಸ್ಲಿಕ್ಕೆ ಹೊರಟದ್ದಾ?" ಬಡಗಿಗೂ ಹಿಂದಿಯಲ್ಲಿ ಹೇಳಿದರು. ಅವನೂ ನಕ್ಕ. ಆಮೇಲೆ ಇದ್ದಕ್ಕಿದ್ದ ಹಾಗೆ ಕೇಳಿದರು, "ಬಿಸಿಲು ಹೇಗುಂಟು ನಿಮ್ಮ ತಾರಸಿಯಲ್ಲಿ?"

"ಬೆಂಕಿ," ಎಂದೆ. ಇಡೀ ವ್ಯವಹಾರದಲ್ಲಿ ನಾನು ಚಿಂತೆ ಮಾಡದೆ ಆಡಿದ ಒಂದೇ ಮಾತು.

ಅವರಿರುವುದು ಫ್ಲಾಟಿನಲ್ಲಿ. ಅಲ್ಲಿನ ತಾರಸಿಯಲ್ಲಿ ಹಪ್ಪಳ ಒಣಗಿಸಲಿಕ್ಕೆ ಬಿಡುವುದಿಲ್ಲವಂತೆ, ಹಲಸಿನ ಸೀಸನ್ ಶುರುವಾಗಿ ಆಯ್ತು. ಕೊನೆಗೆ ಮಾತು ನಿಂತದ್ದು ಹೀಗೆ: ಹೆಸರಿಗೆ ಮೂವತ್ತೈದು ಸಾವಿರ, ತಾರಸಿಗೆ ತಿಂಗಳಿಗೆ ಐದು ಸಾವಿರ ಬಾಡಿಗೆ. ಆದರೆ ಮಳೆ ಹಿಡಿಯುವ ತನಕ ಶೀಟ್ ಹಾಕುವಂತಿಲ್ಲ. ಏಜೆಂಟಿನ ಫೀಸು ಮೊದಲೇ ಕೊಟ್ಟಾಗಿದೆ, ಅವನ ಚಿಂತೆ ನಿಮಗೆ ಬೇಡ ಎಂದರು. ಆ ಚಿಂತೆ ನನಗಿತ್ತು ಅಂತ ಅವರಿಗೆ ಹೇಗೆ ಗೊತ್ತಾಯಿತೋ. ಹೆಂಡತಿಗೆ ಫೋನ್ ಮಾಡಿದೆ. "ಬಾಡಿಗೆ ಅಡ್ವಾನ್ಸ್ ತಗೊಳ್ಳಿ," ಎಂದಳು.

ಹೆಸರು ದಾಟಿಸಲಿಕ್ಕೆ ಒಂದು ಗುಟ್ಟಿನ ಕೋಡ್ ಕೊಡಬೇಕು. ಕೋಡ್ ಮೊದಲಾ, ದುಡ್ಡು ಮೊದಲಾ? ಮದುವೆ ಮಂಟಪದಲ್ಲಿ ಹಾರ ಹಿಡಿದು ನಿಂತವರ ಹಾಗೆ ಇಬ್ಬರೂ ಫೋನ್ ಹಿಡಿದು ಮುಖ ಮುಖ ನೋಡಿಕೊಂಡೆವು. ಅವರೇ ಮೊದಲು ದುಡ್ಡು ಕಳಿಸುವ ಬಟನ್ ಒತ್ತಿದರು.

ಮೂವತ್ತೈದರಲ್ಲಿ ಎಷ್ಟಾಗ್ತದೆ ಎಂದು ಕೇಳಿದ್ದಕ್ಕೆ ಶೀಟಿನವನು ಫೋನಿನಲ್ಲಿ ನಿಟ್ಟುಸಿರು ಬಿಟ್ಟ. ಮಳೆಗೆ ಮೊದಲು ಶೀಟ್ ಆಗುವುದಿಲ್ಲ ಎಂಬುದು ಈಗ ಖಾತ್ರಿ. ಹೆಂಡತಿ ತಂಗಿಯ ಮನೆಗೆ ಹೋಗುವ ಮಾತು ಎತ್ತಿಲ್ಲ. ತಾರಸಿಯ ಲೆಕ್ಕ ಈಗ ಅವಳ ಕೈಯಲ್ಲಿ. ಕಾವಲು ಮಾತ್ರ ನನಗೆ. ಭಾನುವಾರ ಬೆಳಿಗ್ಗೆ ಬೇರೆಯವರ ಹಪ್ಪಳದ ಮಧ್ಯೆ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದೆ. ಕಡಲಿನ ಕಡೆಯಿಂದ ಒಂದು ಮೋಡ ಎದ್ದಿತು. ಕದ್ರಿಯ ಅಂಗಡಿ ಯಜಮಾನಿಗೆ ಫೋನ್ ಮಾಡಿದೆ.

"ಮೋಡ ಉಂಟು."

"ಎಷ್ಟು?"

"ಒಂದು. ಸಣ್ಣದು. ಆದರೆ ಈ ಕಡೆಗೇ ನೋಡ್ತಾ ಉಂಟು."

"ನೀವು ಫೋನ್ ಇಡಿ ಮಾರಾಯ್ರೆ," ಎಂದರು.

ಇಟ್ಟೆ. ಯಾವುದಕ್ಕೂ ಇರಲಿ ಎಂದು ಹಪ್ಪಳದಲ್ಲಿ ಅರ್ಧ ಪಾಲು ಎತ್ತಿ ಒಳಗೆ ತಂದೆ. ಮೋಡ ಪಣಂಬೂರಿನ ಕಡೆಗೆ ತೇಲಿತು. ನಾನು ಹಪ್ಪಳ ಪುನಃ ಹರಡಲಿಕ್ಕೆ ಶುರುಮಾಡಿದೆ.