ಬಸ್ಸಿನಲ್ಲಿ ಖಾಲಿಯಾಗುವ ಡಬ್ಬಿ

"ಮೇಡಂ, ಆಫೀಸಿನ್ಯಾಗ ನನ್ನ ಡಬ್ಬಿ ಯಾರೂ ಮುಟ್ಟಂಗಿಲ್ರಿ. ಅದಕ್ಕ ಏನರ ಐಡಿಯಾ ಐತೇನ್ರಿ?"

ಕಳೆದ ಭಾನುವಾರ ಶಿಗ್ಗಾವಿಯ ಸಭೆಯೊಂದರಲ್ಲಿ ನನಗೆ ಬಂದ ಪ್ರಶ್ನೆ ಇದು. ಅಲ್ಪಸಂಖ್ಯಾತ ಸಮುದಾಯಗಳಿಂದ ಹೊಸದಾಗಿ ಕಂಪನಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದರು. ಹಾನಗಲ್ಲಿನ ಬೌದ್ಧರ ಮನೆಯ ಹುಡುಗಿ ಹುಬ್ಬಳ್ಳಿಯ ವಿಮಾ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದಾಳಲ್ಲ, ನನಗೆ ಆ ಮರ್ಯಾದೆ! ನಾನೂ ಜೋರಾಗಿಯೇ ತಯಾರಾಗಿ ಹೋಗಿದ್ದೆ. ಮೀಟಿಂಗ್‌ನಲ್ಲಿ ಬಾಯಿ ಬಿಡಿ. ಮಾಡಿದ ಕೆಲಸ ನಿಮ್ಮದೆಂದು ಹೇಳಿಕೊಳ್ಳಿ. ಪ್ರಮೋಷನ್ ಕೇಳಿ ಪಡೆಯಿರಿ. (ಸ್ಲೈಡ್‌ಗಳಿಗೆ ಬಣ್ಣ ಬೇರೆ.)

ಡಬ್ಬಿಯ ಬಗ್ಗೆ ಸ್ಲೈಡ್ ಇರಲಿಲ್ಲ.

ಕೇಳಿದವಳು ರೇಷ್ಮಾ. ಸವಣೂರಿನಿಂದ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬರುವ ಅಕೌಂಟೆಂಟ್. "ಅಂಗಡ್ಯಾಗಿನ ಸವಣೂರ ಖಾರಾ ಮಿಕ್ಸ್ಚರ್ ಒಯ್ದ್ರ ಎಲ್ಲಾರೂ ಕಸಗೊಂಡು ತಿಂತಾರ್ರಿ. ನಮ್ಮ ಅಮ್ಮಿ ಮಾಡಿದ ಶೇಂಗಾ ಹೋಳಿಗಿ ಒಯ್ದ್ರ ಎಲ್ಲಾರ ಹೊಟ್ಟಿನೂ ತುಂಬಿರ್ತೈತ್ರಿ. ಕೆಟ್ಟವರಲ್ರಿ ಅವ್ರು. ತಮ್ಮ ಡಬ್ಬ್ಯಾಗಿಂದು ನನಗ ಹಾಕ್ತಾರ."

"ಮತ್ತ ಆ ಹೋಳಿಗಿ ಏನ್ ಮಾಡ್ತಿ?"

"ವಾಪಸ್ ಬರುವಾಗ ಬಸ್ಸಿನ್ಯಾಗ ಎಲ್ಲಾ ನಾನ ತಿಂತೇನ್ರಿ. ಮನಿಗೆ ಹೋದ ಕೂಡ್ಲೆ ಅಮ್ಮಿ ಡಬ್ಬಿ ಇಸ್ಕೊಂಡು, ಎಲ್ಲಾರಿಗೂ ಸೇರಿತೇನು ಅಂತ ಕೇಳ್ತಾಳ್ರಿ. ಖಾಲಿ ಡಬ್ಬಿ ನೋಡಿ ಖುಷಿಯಾಗಿ ಮರುದಿನ ಇನ್ನೂ ಜಾಸ್ತಿ ಕಟ್ಟತಾಳ್ರಿ!"

ಸಭೆ ನಕ್ಕಿತು. ಅವಳೂ ನಕ್ಕಳು. ನನಗೆ ಆಗಲಿಲ್ಲ.

ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳಿದ ಕೂಡಲೇ ಹೊಟ್ಟೆ ತುಂಬಿಬಿಡುವ ಸಹೋದ್ಯೋಗಿಗಳನ್ನು ನಾನೂ ಕಂಡವಳು. (ನಮ್ಮ ಕಡೆ ಅಡ್ಡಹೆಸರು ಕೇಳದೆ ಚಹಾದ ಪರಿಚಯವೂ ಮುಂದೆ ಹೋಗುವುದಿಲ್ಲ.) ಈಗ ನನಗೆ ಸ್ವಂತ ಕ್ಯಾಬಿನ್ ಇದೆ. ಬಾಗಿಲು ಮುಚ್ಚಿಕೊಂಡು ಒಬ್ಬಳೇ ಉಣ್ಣುತ್ತೇನೆ. ಇದಕ್ಕೇ ಅಲ್ಲವೇ ಪ್ರಗತಿ ಎನ್ನುವುದು? ಆದರೂ ಯಾರಾದರೂ ಬಾಗಿಲು ದೂಡಿಕೊಂಡು ಬಂದು, ಕೇಳದೆಯೇ ನನ್ನ ರೊಟ್ಟಿ ಮುರಿದುಕೊಳ್ಳಲಿ ಎಂದು ಮನಸ್ಸು ಇವತ್ತಿಗೂ ಹಂಬಲಿಸುತ್ತದೆ. ಸಂಬಳ ಏರಿತು, ಆ ಆಸೆ ಮಾತ್ರ ಇಳಿಯಲಿಲ್ಲ.

"ಇವತ್ತ ಡಬ್ಬಿ ತಂದೀಯೇನು?" ಎಂದೆ.

ತಂದಿದ್ದಳು. ಮಗಳು ಹತ್ತು ಜನ ಸೇರುವ ಕಡೆ ಹೊರಟರೆ ಅಮ್ಮಿ ಬರಿಗೈಯಲ್ಲಿ ಕಳಿಸುತ್ತಾಳೆಯೇ? ಅಲ್ಲೇ ಬಿಚ್ಚಿಸಿದೆ. ಮೊದಲ ಹೋಳಿಗೆ ನಾನೇ ಎತ್ತಿಕೊಂಡೆ, ಆಮೇಲೆ ಉಳಿದವರೂ ಕೈ ಹಾಕಿದರು. ಒಬ್ಬ ಹುಡುಗ ತಳದ ಪುಡಿಯನ್ನೂ ಬಿಡಲಿಲ್ಲ.

ರೇಷ್ಮಾ ಖಾಲಿ ಡಬ್ಬಿಯನ್ನು ನೋಡುತ್ತ ನಿಂತಳು.

"ಇವತ್ತ ಅಮ್ಮಿಗೆ ಖರೇನ ಹೇಳಬಹುದ್ರಿ, ಎಲ್ಲಾರಿಗೂ ಸೇರಿತು ಅಂತ." ಮುಚ್ಚಳ ಹಾಕುತ್ತ ಸಣ್ಣಗೆ ಅಂದಳು, "ಆದ್ರ ನಾಳೆ ಸೋಮವಾರ ಐತಲ್ರಿ ಮೇಡಂ."

ನಾಳೆ ಮಧ್ಯಾಹ್ನ ನಿಮ್ಮ ಆಫೀಸಿನಲ್ಲೂ ಡಬ್ಬಿಗಳನ್ನು ಬಿಚ್ಚುತ್ತಾರೆ. ನಿಮ್ಮ ಹೊಟ್ಟೆ ಹಸಿದಿರುತ್ತದೋ, ತುಂಬಿರುತ್ತದೋ?